ಟೈಲರ್ ತಾತ ಹೋದದ್ದು ಎಷ್ಟು ಗಂಟೆಗೆ?

ಟೈಲರ್ ತಾತ ಚುನಾವಣೆಗೆ ನಿಂತದ್ದು ಅದು ಏಳನೆಯ ಸಲ; ಸತ್ತದ್ದು ಮಾತ್ರ ಮೊದಲನೆಯ ಸಲ. ಹಿಂದಿನ ಆರು ಸಲವೂ ಸೋತು, ಮಾರನೆಯ ದಿನ ಏನೂ ಆಗಿಲ್ಲವೆಂಬಂತೆ ಅಂಗಡಿ ತೆರೆದು ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ಮನುಷ್ಯ, ಈ ಸಲ ಸೋಲುವ ತನಕವೂ ಕಾಯದೆ, ಮತದಾನದ ದಿನ ಬೆಳಿಗ್ಗೆಯೇ ಅದೇ ಮೆಷಿನ್ನಿನ ಮುಂದೆ, ಕುರ್ಚಿಯಲ್ಲಿ ಕೂತ ಹಾಗೇ ಹೊರಟುಹೋಗಿದ್ದರು. ಹೋಗಲಿ ಬಿಡಿ, ವಯಸ್ಸು ಎಂಬತ್ತರ ಹತ್ತಿರ, ಯಾರೂ ತಪ್ಪೆನ್ನುವಂತಿರಲಿಲ್ಲ. ಆದರೆ ಎಷ್ಟು ಗಂಟೆಗೆ ಹೋದೆ ಎಂಬುದನ್ನು ಯಾರಿಗೂ ತಿಳಿಸದೆ ಹೋದದ್ದಿದೆಯಲ್ಲ, ಅದು ಪುರಸಭೆಯ ಹೆಡ್ ಕ್ಲರ್ಕ್ ಕಲಮಣ್ಣನ ಕುತ್ತಿಗೆಗೆ ಬಂತು.

ಕಲಮಣ್ಣ ಎಂಬುದು ಅವನ ಹೆಸರಲ್ಲ. ಅಪ್ಪ ಅಮ್ಮ ಇಟ್ಟ ಹೆಸರೊಂದು ಹಾಜರಿ ಪುಸ್ತಕದಲ್ಲಿ ಭದ್ರವಾಗಿತ್ತು. ಯಾರು ಏನು ಕೇಳಿದರೂ, ಫ್ಯಾನು ಯಾಕೆ ತಿರುಗುತ್ತಿಲ್ಲ ಎಂದು ಕೇಳಿದರೂ, 'ಕಲಂ ಇಷ್ಟರ ಪ್ರಕಾರ' ಎಂದು ಶುರು ಮಾಡುವ ಚಾಳಿಗೆ ಕಚೇರಿಯವರು ಕೊಟ್ಟ ಬಿರುದು ಅದು. ಅವನಿಗೂ ಒಳಗೊಳಗೆ ಇಷ್ಟವಾಗಿತ್ತು.

ಈ ಕಲಮಣ್ಣನ ಅಂಗಿಯ ಒಳಜೇಬಿನಲ್ಲಿ ಹನ್ನೆರಡು ದಿನದಿಂದ ಒಂದು ವರ್ಗಾವಣೆ ಆದೇಶ ಬೆವರು ಕುಡಿಯುತ್ತಾ ಕೂತಿತ್ತು. ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟು ದೂರದ ಊರು. ಅಲ್ಲಿ ಅವನ ಹೆಂಡತಿ ಶಾಲೆಯಲ್ಲಿ ಟೀಚರು. ಮಗಳು ಅದೇ ಶಾಲೆಯಲ್ಲಿ ಎರಡನೆಯ ಕ್ಲಾಸು. ಇವನು ಇಲ್ಲಿ ಮೂರು ವರ್ಷದಿಂದ ಲಾಡ್ಜಿನ ಕೋಣೆಯಲ್ಲಿ, ಒಂದು ಮಂಚ, ಒಂದು ಬಕೆಟ್ಟು, ಕಿಟಕಿಗೆ ಒಣಹಾಕಿದ ಟವೆಲ್ಲು. ಮಗಳ ಹಾಲುಹಲ್ಲು ಬಿದ್ದದ್ದು, ಅವಳು ಸೈಕಲ್ ಕಲಿತದ್ದು, ಸೈಕಲ್ಲಿನಿಂದ ಬಿದ್ದದ್ದು, ಎಲ್ಲವನ್ನೂ ಅವನು ಫೋನಿನಲ್ಲೇ ಕೇಳಿದ್ದ. ಹಿಂದೆ ಎರಡು ಸಲ ಹೀಗೇ ಆದೇಶ ಬಂದು, ಇವನು ಕುಣಿದಾಡಿಕೊಂಡು ಹೆಂಡತಿಗೆ ತಿಳಿಸಿದ ಮೂರೇ ದಿನಕ್ಕೆ ರದ್ದಾಗಿತ್ತು. ಇನ್ನು ಮೇಲೆ ಬಂದು ಬಾಗಿಲು ತಟ್ಟಿದ ಮೇಲೆ ಹೇಳಿ ಸಾಕು ಎಂದು ಅವಳು ಮುನಿಸಿಕೊಂಡಿದ್ದಳು. ಹಾಗಾಗಿ ಈ ಸಲ ಕಲಮಣ್ಣ ಬಾಯಿಗೆ ಬೀಗ ಹಾಕಿದ್ದ.

ಅಡ್ಡಿ ಇದ್ದದ್ದು ಒಂದೇ. ಚುನಾವಣೆ ಪೂರ್ತಿಯಾಗುವವರೆಗೆ ಸರ್ಕಾರಿ ನೌಕರರು ಯಾರೂ ಈ ಊರು ಬಿಟ್ಟು ಹೋಗುವಂತಿಲ್ಲ, ಬೇರೆ ಊರಿನಿಂದ ಬಂದು ಇಲ್ಲಿ ಕೆಲಸಕ್ಕೆ ಸೇರುವಂತೆಯೂ ಇಲ್ಲ. ಒಂದೇ ಒಂದು ವಾರ್ಡು ಬಾಕಿ ಉಳಿದರೂ ಚುನಾವಣೆ ಮುಗಿದ ಲೆಕ್ಕವಲ್ಲ. ಇವತ್ತು ಸಂಜೆ ಫಲಿತಾಂಶ. ರಾತ್ರಿ ಒಂಬತ್ತರ ಬಸ್ಸಿಗೆ ಕಲಮಣ್ಣ ಟಿಕೆಟ್ಟನ್ನೂ ತೆಗೆದಿಟ್ಟಿದ್ದ. ಅಷ್ಟರಲ್ಲಿ ಒಂಬತ್ತನೇ ವಾರ್ಡಿನ ಟೈಲರ್ ತಾತ ಹೀಗೆ ಮಾಡಿದರು.

ಸುದ್ದಿ ಬಂದಾಗ ಬೆಳಿಗ್ಗೆ ಎಂಟೂವರೆ. ಚುನಾವಣಾಧಿಕಾರಿ ಸಾಹೇಬರು ಕಲಮಣ್ಣನನ್ನು ಒಳಗೆ ಕರೆದು, ಅಭ್ಯರ್ಥಿ ಸತ್ತರೆ ಕಾನೂನು ಏನನ್ನುತ್ತದೆ ಎಂದು ಕೇಳಿದರು. ಕಲಮಣ್ಣ ಎದೆಯುಬ್ಬಿಸಿ, ಪುಸ್ತಕ ಮುಟ್ಟದೆಯೇ, ಕಲಂ ನಲವತ್ತೊಂದನ್ನು ಗಡಗಡನೆ ಒಪ್ಪಿಸಿದ. ಮತದಾನ ಶುರುವಾಗುವ ಮುಂಚೆ ಅಭ್ಯರ್ಥಿ ತೀರಿಕೊಂಡರೆ ಆ ವಾರ್ಡಿನ ಚುನಾವಣೆ ರದ್ದು. ಎರಡು ತಿಂಗಳ ಮೇಲೆ ನಾಮಪತ್ರದಿಂದ ಮತ್ತೆ ಮೊದಲು. ಶುರುವಾದ ಮೇಲೆ ತೀರಿಕೊಂಡರೆ ಏನೂ ತೊಂದರೆಯಿಲ್ಲ, ಮತದಾನ ಮುಂದುವರಿಯುತ್ತದೆ. ಒಪ್ಪಿಸಿ ಮುಗಿಸಿದ ಮೇಲೆ ತಾನು ಏನು ಹೇಳಿದೆ ಎಂಬುದು ಅವನಿಗೇ ಕೇಳಿಸಿತು. ಕೈ ತಾನಾಗಿಯೇ ಒಳಜೇಬಿನ ಕಾಗದವನ್ನು ತಡವಿತು.

"ಶುರುವಾಗಿದ್ದು ಏಳಕ್ಕೆ," ಎಂದರು ಸಾಹೇಬರು. "ಅವರು ಹೋಗಿದ್ದು ಏಳಕ್ಕೆ ಮುಂಚೆಯೋ ಆಮೇಲೋ? ಹನ್ನೆರಡರ ಒಳಗೆ ಬರವಣಿಗೇಲಿ ಕೊಡಿ. ಸಾಕ್ಷಿ ಬೇಕು. ನಾಳೆ ಕೋರ್ಟಿಗೆ ಹೋದ್ರೆ ನಿಲ್ಲೋರು ನೀವು."

ಕಲಮಣ್ಣ ಸೈಕಲ್ಲು ತುಳಿದುಕೊಂಡು ಒಂಬತ್ತನೇ ವಾರ್ಡು ಮುಟ್ಟಿದಾಗ ಟೈಲರ್ ಅಂಗಡಿಯ ಮುಂದೆ ಬೀದಿಯೇ ನೆರೆದಿತ್ತು. ಮುಂದುಗಡೆ ಅಂಗಡಿ, ಹಿಂದುಗಡೆ ಮನೆ. ಗೋಡೆಯ ಮೊಳೆಗಳಿಗೆ ನೇತುಬಿದ್ದ ಅರ್ಧಂಬರ್ಧ ಅಂಗಿಗಳು, ಕೆಲವಕ್ಕೆ ತೋಳಿಲ್ಲ, ಕೆಲವಕ್ಕೆ ಕಾಲರಿಲ್ಲ. ತಾತನನ್ನು ಒಳಕೋಣೆಯಲ್ಲಿ ಮಲಗಿಸಿದ್ದರು. ಡಾಕ್ಟರು ಆಗಲೇ ನೋಡಿ ಕೈ ತೊಳೆದುಕೊಳ್ಳುತ್ತಿದ್ದರು. ಐದೂವರೆಯಿಂದ ಏಳೂವರೆಯ ಒಳಗೆ ಯಾವಾಗಲಾದರೂ ಆಗಿರಬಹುದು ಎಂದರು. ಕಲಮಣ್ಣ ಅವರನ್ನು ಬಾವಿಕಟ್ಟೆಯ ಹತ್ತಿರ ಕರೆದುಕೊಂಡು ಹೋಗಿ, ಸ್ವಲ್ಪ ಕೊನೆಯ ಕಡೆಗೆ, ಉದಾಹರಣೆಗೆ ಏಳೂ ಹತ್ತು ಅನ್ನಬಹುದೇ ಎಂದು ವಿನಯದಿಂದ ಕೇಳಿದ.

"ನಾನು ಡಾಕ್ಟ್ರು ಕಣ್ರೀ, ಸ್ಟೇಷನ್ ಮಾಸ್ತರಲ್ಲ," ಎಂದು ಡಾಕ್ಟರು ಬ್ಯಾಗು ಮುಚ್ಚಿದರು.

ಮೊದಲ ಸಾಕ್ಷಿಯಾಗಿ ತಾನೇ ಮುಂದೆ ಬಂದವರು ಎದುರುಮನೆಯ ಪಿಂಚಣಿದಾರರು. ಬೀದಿಯಲ್ಲಿ ನಾಯಿ ಮಗ್ಗುಲು ಬದಲಿಸಿದರೂ ನೋಟ್‌ಬುಕ್ಕಿನಲ್ಲಿ ಬರೆದಿಡುವ ಮನುಷ್ಯ. ಆರು ಇಪ್ಪತ್ತಕ್ಕೆ ತಾತ ಅಂಗಡಿಯ ಬಾಗಿಲು ತೆರೆದದ್ದು, ಆರು ಇಪ್ಪತ್ತೈದಕ್ಕೆ ಕುರ್ಚಿಯಲ್ಲಿ ಕೂತದ್ದು, ಎಲ್ಲ ದಾಖಲಾಗಿತ್ತು. ಆರು ನಲವತ್ತಕ್ಕೆ ತಾವು ವರಾಂಡದಿಂದ ಕೈ ಎತ್ತಿದರೂ ತಾತ ಕೈ ಎತ್ತಲಿಲ್ಲ. ಆದ್ದರಿಂದ ಆಗಲೇ ಮುಗಿದಿತ್ತು ಎಂಬುದು ಅವರ ತೀರ್ಪು. ಕಲಮಣ್ಣನ ಪೆನ್ನು ಅರ್ಧಕ್ಕೇ ನಿಂತಿತು. ದಿನಾ ಕೈ ಎತ್ತುತ್ತಿದ್ದರೇ ಎಂದು ಸಣ್ಣ ಧ್ವನಿಯಲ್ಲಿ ಕೇಳಿದ.

"ಎಲ್ಲಿ ಬಂತು. ನನ್ನ ಪ್ಯಾಂಟು ಗಿಡ್ಡ ಮಾಡಿಟ್ಟ, ನಾನು ನಾಲ್ಕು ಮಾತು ಅಂದೆ. ಅವತ್ತಿಂದ ಹನ್ನೊಂದು ವರ್ಷ ಆಯ್ತು, ಒಂದು ದಿನಾನೂ ಕೈ ಎತ್ತಿಲ್ಲ."

ಕಲಮಣ್ಣನಿಗೆ ಹೋದ ಜೀವ ಬಂದಂತಾಯಿತು. ಕೈ ಎತ್ತದಿರುವುದು ಸಾವಿನ ಪುರಾವೆಯಲ್ಲ ಎಂದು ಬರೆದುಕೊಂಡ.

ಎರಡನೆಯವರು ಬ್ಯಾಂಡ್ ಮಾಸ್ತರರು. ಮದುವೆ ಮೆರವಣಿಗೆಯಲ್ಲಿ ಕಹಳೆ ಊದುವವರು, ಗಂಟಲೂ ಕಹಳೆಯದೇ. ಕೋಟು ಹೊಲಿಯಲು ಕೊಟ್ಟು ಒಂದೂವರೆ ತಿಂಗಳಾಗಿತ್ತಂತೆ. ಬೆಳಿಗ್ಗೆ ಏಳೂಕಾಲಿಗೆ ಬಂದು, ಬಾಗಿಲಲ್ಲಿ ನಿಂತು, ತಾತನ ಜೊತೆ ಹತ್ತು ನಿಮಿಷ ಮಾತಾಡಿದರಂತೆ. ಏಳೂಕಾಲು ಎಂದ ತಕ್ಷಣ ಕಲಮಣ್ಣನಿಗೆ ಅವರನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು. ತಾತ ಏನು ಹೇಳಿದರು ಎಂದು ಕೇಳಿದ.

"ಅವರೇನು ಹೇಳ್ತಾರೆ, ಹೇಳಿದ್ದೆಲ್ಲಾ ನಾನೇ. ಮಾನ ಮರ್ಯಾದೆ ಇದೆಯಾ ಅಂದೆ. ಸತ್ತ ಮೇಲೆ ಕೊಡ್ತೀರಾ ಅಂದೆ. ಎಷ್ಟು ಬೈದ್ರೂ ತಲೆ ತಗ್ಗಿಸ್ಕೊಂಡು ಸುಮ್ನೆ ಕೇಳಿಸ್ಕೊಂಡ್ರು. ಅಂಥಾ ಸಂಭಾವಿತ..." ಎನ್ನುತ್ತಾ ಎನ್ನುತ್ತಾ ಬ್ಯಾಂಡ್ ಮಾಸ್ತರರ ಮುಖ ಸುಣ್ಣ ಬಳಿದಂತಾಯಿತು. ತಾವು ಬೈದದ್ದು ಯಾರನ್ನು ಎಂಬುದು ಅವರಿಗೆ ಆಗ ಹೊಳೆದಿತ್ತು. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತು ನೀರು ಕೇಳಿದರು.

ಅಲ್ಲಿಗೆ ಆರು ಇಪ್ಪತ್ತೈದಕ್ಕೆ ತಾತ ಇದ್ದರು. ಏಳೂಕಾಲಿಗೆ ಬಹುಶಃ ಇರಲಿಲ್ಲ. ನಡುವಿನ ಐವತ್ತು ನಿಮಿಷದಲ್ಲಿ ಕಲಮಣ್ಣನ ಸಂಸಾರ ಸಿಕ್ಕಿಹಾಕಿಕೊಂಡಿತ್ತು.

ಅಷ್ಟರಲ್ಲಿ ಕಂಟ್ರಾಕ್ಟರು ಬಂದರು. ತಾತನ ಏಕೈಕ ಎದುರಾಳಿ, ಹಿಂದಿನ ಸಲದ ಸದಸ್ಯ. ಗೆಲುವಿನ ಬಗ್ಗೆ ಅವರಿಗೆ ನಿನ್ನೆಯವರೆಗೆ ಅನುಮಾನವಿರಲಿಲ್ಲ. ಆದರೆ ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತವರೆಲ್ಲ ಪಾಪ, ಹೋದವರಿಗೆ ಒಂದು ಓಟಾದರೂ ಹಾಕೋಣ ಎಂದು ಗುಸುಗುಸು ಶುರು ಮಾಡಿದ್ದು ಅವರ ಕಿವಿಗೆ ಬಿದ್ದಿತ್ತು. ಅವರಿಗೀಗ ಚುನಾವಣೆ ರದ್ದಾಗಬೇಕಿತ್ತು. ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದು ಕಲಮಣ್ಣನ ಭುಜ ಹಿಡಿದು, ಬೆಳಿಗ್ಗೆ ಆರೂ ಮುಕ್ಕಾಲಿಗೆ ತಾವೇ ಕಣ್ಣಾರೆ ನೋಡಿದ್ದಾಗಿ, ಆಗಲೇ ಉಸಿರಿರಲಿಲ್ಲವೆಂದು ಬರೆಸಲು ಹೊರಟರು.

ಕಲಮಣ್ಣ ಹೊಸ ಹಾಳೆ ತೆರೆದು ಪೆನ್ನನ್ನು ಅವರತ್ತ ಚಾಚಿದ. ಆಮೇಲೆ ಬಹಳ ಮರ್ಯಾದೆಯಿಂದ, ಸತ್ತದ್ದನ್ನು ಕಂಡೂ ಮನೆಯವರಿಗಾಗಲೀ ಪೊಲೀಸರಿಗಾಗಲೀ ತಿಳಿಸದೆ ಹೋಗುವುದು ಕಲಂ ಎಂಬತ್ತಾರರ ಕೆಳಗೆ ಅಪರಾಧವೆಂದೂ, ಹೇಳಿಕೆಗೆ ಇಲ್ಲಿ ಸಹಿ ಮಾಡಿದರೆ ಮುಂದಿನದನ್ನು ಠಾಣೆಯವರು ನೋಡಿಕೊಳ್ಳುತ್ತಾರೆಂದೂ ತಿಳಿಸಿದ. ಕಂಟ್ರಾಕ್ಟರು ಭುಜ ಬಿಟ್ಟರು. ಬೆಳಿಗ್ಗೆ ಕನ್ನಡಕ ಹಾಕಿರಲಿಲ್ಲ, ನೋಡಿದ್ದು ಬೇರೆ ಯಾರನ್ನೋ ಇರಬೇಕು ಎಂದು ಗೊಣಗುತ್ತಾ ಜಾಗ ಖಾಲಿ ಮಾಡಿದರು.

ಗಂಟೆ ಹನ್ನೊಂದಾಯಿತು. ಬೀದಿಯನ್ನೆಲ್ಲ ಕೇಳಿಯಾಗಿತ್ತು. ಕೇಳದೆ ಉಳಿದಿದ್ದವರು ಒಬ್ಬರೇ, ತಾತನ ಹೆಂಡತಿ. ಅಜ್ಜಿ ಒಳಕೋಣೆಯ ಗೋಡೆಗೆ ಒರಗಿ, ಗಂಡನ ಇಂಚುಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. ಇಂಥ ಹೊತ್ತಿನಲ್ಲಿ ಹೋಗಿ ಗಂಟೆ ಕೇಳಲು ಕಲಮಣ್ಣನಿಗೆ ನಾಚಿಕೆಯಾಯಿತು. ಎರಡು ಸಲ ಹೊಸ್ತಿಲವರೆಗೆ ಹೋಗಿ ವಾಪಸು ಬಂದ. ಮೂರನೆಯ ಸಲ ಅಜ್ಜಿಯೇ ಕರೆದರು.

"ಬಾಪ್ಪ, ಕೂತ್ಕೋ. ಬೆಳಿಗ್ಗೆಯಿಂದ ಎಲ್ಲರನ್ನೂ ಕೇಳ್ತಿದೀಯ. ಇವರು ಬದುಕಿದ್ದಾಗ ಊಟ ಆಯ್ತಾ ಅಂತ ಕೇಳಿದೋರಿಲ್ಲ, ಇವತ್ತು ಹೋಗಿದ್ದು ಎಷ್ಟೊತ್ತಿಗೆ ಅಂತ ಊರೇ ಕೇಳ್ತಿದೆ. ಅಷ್ಟು ಮುಖ್ಯನಾ ಅದು?"

ಕಲಮಣ್ಣ ನೆಲದ ಮೇಲೆ ಕೂತ. ಕಲಂ ನಲವತ್ತೊಂದನ್ನು ಹೇಳಲು ಹೊರಟ ಬಾಯಲ್ಲಿ ಬೇರೆಯದೇ ಬಂತು. ಲಾಡ್ಜಿನ ಕೋಣೆ, ದೂರದ ಊರು, ಫೋನಿನಲ್ಲೇ ಬೆಳೆಯುತ್ತಿರುವ ಮಗಳು, ಒಳಜೇಬಿನ ಕಾಗದ, ಎಲ್ಲವನ್ನೂ ಹೇಳಿದ. ಅಜ್ಜಿ ಪೂರ್ತಿ ಕೇಳಿಸಿಕೊಂಡು, ಏಳಾದ ಮೇಲೆ ಹೋಗಿದ್ದರೆ ಇವರಿಗೆ ಬಿದ್ದ ಓಟನ್ನು ಎಣಿಸುತ್ತಾರೆಯೇ ಎಂದು ಕೇಳಿದರು. ಎಣಿಸುತ್ತಾರೆ ಎಂದ ಕಲಮಣ್ಣ.

"ಹಾಗಾದ್ರೆ ಬರ್ಕೋ. ಏಳರ ಸೈರನ್ ಕೂಗಿದಾಗ ನಾನು ಟೀ ತಂದೆ. ಓಟು ಶುರುವಾಯ್ತು ಕಣೇ, ಈ ಕಾಲರ್ ಒಂದು ಮುಗಿಸಿ ಹೋಗಿ ಹಾಕ್ಬರೋಣ ಅಂದ್ರು. ಆಮೇಲೆ ಮಾತಿಲ್ಲ."

ಬರೆದುಕೊಂಡ ಮೇಲೆ, ಇದು ನಿಜ ತಾನೇ ಅಮ್ಮಾ ಎಂದು ಕೇಳದೆ ಅವನಿಂದ ಇರಲಾಗಲಿಲ್ಲ. ಅಜ್ಜಿ ಅವನ ಮುಖವನ್ನೇ ನೋಡಿ, ಐವತ್ತೆರಡು ವರ್ಷದಲ್ಲಿ ಇವರ ವಿಚಾರದಲ್ಲಿ ತಾನೊಂದು ಸುಳ್ಳೂ ಹೇಳಿಲ್ಲ, ಈ ವಯಸ್ಸಿನಲ್ಲಿ ಯಾಕೆ ಕಲಿಯಲಿ ಎಂದರು. ಒಲೆಯ ಪಕ್ಕದಲ್ಲಿ ಟೀ ಲೋಟ ಮುಚ್ಚಿದ ಹಾಗೇ ಇತ್ತು. ಹೆಬ್ಬೆಟ್ಟು ಬೇಡವೆಂದು ಹೇಳಿ, ದುಂಡು ಅಕ್ಷರದಲ್ಲಿ ತಾವೇ ಸಹಿ ಮಾಡಿದರು.

ಸಾಹೇಬರು ವರದಿಯನ್ನು ಎರಡು ಸಲ ಓದಿ ಒಪ್ಪಿದರು. ಮತದಾನ ಮುಂದುವರಿಯಿತು. ಕಲಮಣ್ಣ ನಿರಾಳವಾಗಿ ಬೆಂಚಿನ ಮೇಲೆ ಕೂತು ಟೀ ಬಾಯಿಗಿಟ್ಟವನು, ಅರ್ಧ ಗುಟುಕಿನಲ್ಲಿ ಕಲಂ ನಲವತ್ತೆರಡು ನೆನಪಾಗಿ ಕೆಮ್ಮಿದ. ತೀರಿಕೊಂಡ ಅಭ್ಯರ್ಥಿ ಗೆದ್ದರೆ ಜಾಗ ಖಾಲಿ, ಮತ್ತೆ ಚುನಾವಣೆ. ಹೊರಗೆ ಬಂದು ನೋಡಿದರೆ ಒಂಬತ್ತನೇ ವಾರ್ಡಿನ ಸಾಲು ಬೀದಿ ತಿರುವು ದಾಟಿತ್ತು. ಆರು ಚುನಾವಣೆಯಲ್ಲಿ ಮನೆ ಬಿಟ್ಟು ಹೊರಡದ ಮುದುಕ ಮುದುಕಿಯರು ಕೋಲೂರಿಕೊಂಡು ಬರುತ್ತಿದ್ದರು. ಬ್ಯಾಂಡ್ ಮಾಸ್ತರರು ಪಾಪಪರಿಹಾರಕ್ಕೋ ಏನೋ, ತಮ್ಮ ಇಡೀ ಬ್ಯಾಂಡನ್ನೇ ಕರೆದುಕೊಂಡು ಬಂದಿದ್ದರು. ಬೆಳಿಗ್ಗೆ ತಾನೇ ಓಡಿಸಿದ್ದ ಕಂಟ್ರಾಕ್ಟರು ಗೆಲ್ಲಲೆಂದು ಕಲಮಣ್ಣ ಈಗ ಮನಸ್ಸಿನಲ್ಲೇ ಬೇಡಿಕೊಳ್ಳಬೇಕಾಯಿತು.

ಐದಕ್ಕೆ ಎಣಿಕೆ ಶುರು. ಒಮ್ಮೆ ಇವರು ಮುಂದೆ, ಒಮ್ಮೆ ಅವರು ಮುಂದೆ. ಕಲಮಣ್ಣ ಉಗುರು ಮುಗಿಸಿ ಬೆರಳಿಗೆ ಬಾಯಿ ಹಾಕಿದ್ದ. ಆರಕ್ಕೆ ಲೆಕ್ಕ ಮುಗಿಯಿತು. ಕಂಟ್ರಾಕ್ಟರಿಗೆ ನಾನೂರ ಹದಿನೆಂಟು, ಟೈಲರ್ ತಾತನಿಗೆ ನಾನೂರ ಏಳು. ಅಜ್ಜಿಗೆ ಸುದ್ದಿ ಮುಟ್ಟಿಸಲು ಓಡಿದವರು ಪಿಂಚಣಿದಾರರು. ಇಷ್ಟು ಓಟು ಇವರಿಗೆ ಯಾವತ್ತೂ ಬಿದ್ದಿರಲಿಲ್ಲ ಎಂದು ಅಜ್ಜಿ ಬೆಳಗಿನಿಂದ ಮೊದಲ ಸಲ ಅತ್ತರಂತೆ.

ಆರೂ ಹತ್ತಕ್ಕೆ ಚುನಾವಣೆ ಮುಗಿದ ಘೋಷಣೆ. ಆರೂಕಾಲಿಗೆ ಸಾಹೇಬರು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಕೈಕುಲುಕಿದರು. ಇವನ ಜಾಗಕ್ಕೆ ಬರುವ ಹೊಸ ಹೆಡ್ ಕ್ಲರ್ಕು ಮಧ್ಯಾಹ್ನದಿಂದಲೇ ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದವರು, ಕಲಮಣ್ಣ ಏಳುವುದಕ್ಕೂ ಅವಕಾಶ ಕೊಡದೆ ಕುರ್ಚಿ ಹಿಡಿದು ಹಾಜರಿ ಬರೆದೇಬಿಟ್ಟರು. ಕಲಮಣ್ಣ ಲಾಡ್ಜಿಗೆ ಹೋಗಿ, ಬಕೆಟ್ಟನ್ನು ಪಕ್ಕದ ಕೋಣೆಯವನಿಗೆ ದಾನ ಮಾಡಿ, ಬೀಗದ ಕೈ ಒಪ್ಪಿಸಿ, ಬಸ್ ನಿಲ್ದಾಣದಲ್ಲಿ ಪೆಟ್ಟಿಗೆಯ ಮೇಲೆ ಕೂತು ಹೆಂಡತಿಗೆ ಫೋನು ಹಚ್ಚಿದ. ಬಾಗಿಲು ತಟ್ಟುವ ತನಕ ಹೇಳಬಾರದೆಂದುಕೊಂಡಿದ್ದ. ಆದರೆ ಬಿಡುಗಡೆ ಪತ್ರ ಕೈಯಲ್ಲಿದ್ದ ಮೇಲೆ ತಡೆಯಲಾಗಲಿಲ್ಲ.

ಅವನು ಬಾಯಿ ತೆರೆಯುವ ಮುಂಚೆಯೇ ಅವಳು ಶುರು ಮಾಡಿದಳು.

"ರೀ, ನಿಮ್ಮೂರಿನ ಚುನಾವಣೆ ಮುಗೀತಂತಲ್ಲ. ನಾನೊಂದು ವಿಷಯ ಮುಚ್ಚಿಟ್ಟಿದ್ದೆ, ಬೈಬೇಡಿ. ನಿಮ್ಮನ್ನ ನಂಬ್ಕೊಂಡ್ರೆ ಆಗಲ್ಲ ಅಂತ ನಾನೇ ನಿಮ್ಮೂರಿನ ಶಾಲೆಗೆ ಟ್ರಾನ್ಸ್‌ಫರ್ ಹಾಕ್ಕೊಂಡಿದ್ದೆ. ಆರ್ಡರ್ ಬಂದು ಹದಿನೈದು ದಿನ ಆಯ್ತು, ನಿಮ್ಮಲ್ಲಿ ಚುನಾವಣೆ ಮುಗೀಲಿ ಅಂತ ತಡೆದಿಟ್ಟಿದ್ರು. ಆರೂವರೆಗೆ ಹೆಡ್ ಮಿಸ್ಸು ರಿಲೀವ್ ಮಾಡಿಬಿಟ್ರು. ನನ್ನ ಜಾಗಕ್ಕೆ ಅವರ ತಂಗೀನೇ ಬಂದಿರೋದು, ಒಂದು ನಿಮಿಷಾನೂ ತಡ ಮಾಡ್ಲಿಲ್ಲ. ಮನೇನೂ ಖಾಲಿ ಮಾಡ್ದೆ. ಬಸ್ಸಲ್ಲಿ ಕೂತಿದೀವಿ. ನಾಳೆ ಬೆಳಿಗ್ಗೆ ಆರಕ್ಕೆ ಅಲ್ಲಿ."

ಕಲಮಣ್ಣ ಪೆಟ್ಟಿಗೆಯ ಮೇಲಿಂದ ಎದ್ದು ನಿಂತ. ಒಮ್ಮೆ ಬಿಡುಗಡೆಯಾದ ನೌಕರರು ಇನ್ನು ಮೂರು ವರ್ಷ ಮತ್ತೊಂದು ವರ್ಗಾವಣೆ ಕೇಳುವಂತಿಲ್ಲ ಎಂಬ ನಿಯಮ ಎಷ್ಟನೆಯ ಪುಟದಲ್ಲಿದೆ ಎಂಬುದೂ ಅವನಿಗೆ ಗೊತ್ತಿತ್ತು. ನೀವೇನೋ ಹೇಳೋಕೆ ಫೋನ್ ಮಾಡಿದ್ರಲ್ಲ ಎಂದು ಅವಳು ಕೇಳುತ್ತಿದ್ದಳು. ಅಷ್ಟರಲ್ಲಿ ಮಗಳು ಫೋನು ಕಿತ್ತುಕೊಂಡಳು.

"ಅಪ್ಪಾ, ನಾಳೆಯಿಂದ ನಾವೆಲ್ಲಾ ಒಂದೇ ಊರಲ್ಲಿ ಅಲ್ವಾ?"

ಎದುರಿಗೆ ಒಂಬತ್ತರ ಬಸ್ಸು ಬಂದು ನಿಂತಿತು. ಕಂಡಕ್ಟರು ಇಳಿದು ಕಲಮಣ್ಣನ ಪೆಟ್ಟಿಗೆಯನ್ನು ಎತ್ತಿಕೊಂಡು, ಬೇಗ ಹತ್ತಿ ಸ್ವಾಮೀ ಎಂದ.