ಕೂದಲೆಳೆಯಲ್ಲಿ ತಪ್ಪಿದ ಅನುಮತಿ

ಮೂಡಿಗೆರೆಯ ನೆರಳು ಮರ ನಿಯಂತ್ರಣ ಕಚೇರಿಯಲ್ಲಿ ಸಾರ್ವಜನಿಕರ ಅನುಕೂಲಕ್ಕಾಗಿ ಹಿಡಿಕೆ ಎಳೆಯುವ ಯಂತ್ರವೊಂದನ್ನು ಸ್ಥಾಪಿಸಲಾಗಿದೆ. ಅದರಿಂದ ಯಾರಿಗಾದರೂ ತೊಂದರೆಯಾದ ಬಗ್ಗೆ ಈವರೆಗೆ ದೂರು ಬಂದಿಲ್ಲ. ದೂರು ಕೊಡುವವರೂ ಮೊದಲು ಹಿಡಿಕೆಯನ್ನೇ ಎಳೆಯತಕ್ಕದ್ದು.

ಯಂತ್ರ ಬರುವ ಮುಂಚೆ ಅಲ್ಲಿ ಬಹಳ ಗಲಾಟೆಯಿತ್ತು. ಕಾಫಿ ತೋಟದ ನೆರಳು ಮರ ಕಡಿಯಲು ಅನುಮತಿ ಕೇಳಿ ಬಂದವರಿಗೆ ಒಂದು ದಿನ ಸಾಹೇಬರು ಇರುತ್ತಿರಲಿಲ್ಲ. ಸಾಹೇಬರಿದ್ದ ದಿನ ಫೈಲು ಸಿಗುತ್ತಿರಲಿಲ್ಲ. ಎರಡೂ ಕೂಡಿಬಂದ ದಿನ ಸರ್ವರ್ ಡೌನ್. ಜನ ಮೇಜು ಗುದ್ದುತ್ತಿದ್ದರು. ಕೊನೆಗೆ ಅಧಿಕಾರಿ ಸೋಮಶೇಖರಪ್ಪನವರು, ಗೋವಾದ ಜೂಜಿನ ಹಡಗಿನಲ್ಲಿ ಯಂತ್ರ ರಿಪೇರಿ ಮಾಡಿ ಬಂದಿದ್ದ ತಮ್ಮ ತಂಗಿಯ ಮಗ ಶಶಿಧರ್‌ನನ್ನು ಕರೆಸಿದರು.

ಶಶಿಧರ್ ಮೂಲೆಯಲ್ಲಿ ಕೂತು ಕಚೇರಿ ನಡೆಯುವುದನ್ನು ನೋಡಿದ.

"ಮಾವ, ಇದು ಆಗ್ಲೇ ಜೂಜಿನ ಯಂತ್ರಾನೇ. ದೀಪ, ಗಂಟೆ ಇಲ್ಲ ಅಷ್ಟೇ."

"ದೀಪ ಹಾಕಿದ್ರೆ ಕೆಲ್ಸ ಬೇಗ ಆಗುತ್ತೇನೋ?"

"ಕೆಲ್ಸ ಆಗೋದು ಬೇಡ ಮಾವ. ಇನ್ನೇನು ಆಗೇಬಿಡ್ತಿತ್ತು ಅನ್ನಿಸ್ಬೇಕು. ಗೆದ್ದೋನು ಊಟಕ್ಕಾದ್ರೂ ಏಳ್ತಾನೆ. ಕೂದಲೆಳೆಯಲ್ಲಿ ತಪ್ಪಿದೋನು ಏಳೋದೇ ಇಲ್ಲ."

ಇದನ್ನು ಆಡಳಿತ ಸುಧಾರಣೆ ಎಂದು ಪರಿಗಣಿಸಿ ಮಂಜೂರು ಮಾಡಲಾಯಿತು.

ಯಂತ್ರದ ಗಾಜಿನ ಹಿಂದೆ ಮೂರು ಗಾಲಿಗಳು. ಒಂದರಲ್ಲಿ ಸಾಹೇಬರ ಚಿತ್ರ, ಒಂದರಲ್ಲಿ ಫೈಲು, ಇನ್ನೊಂದರಲ್ಲಿ ಸರ್ವರ್. ನಡುನಡುವೆ ಖಾಲಿ ಕುರ್ಚಿ, ಗೆದ್ದಲು, ಬಿದ್ದ ಕರೆಂಟ್ ಕಂಬ. ಮೂರೂ ಗೆರೆಗೆ ಬಂದರೆ ಅನುಮತಿ. ಸರ್ವರ್ ಮಾತ್ರ ನಿಧಾನಕ್ಕೆ ಬಂದು, ಗೆರೆಯ ಮೇಲೆ ಒಂಚೂರು ಯೋಚನೆ ಮಾಡಿ, ಕೆಳಗೆ ಜಾರುವಂತೆ ಶಶಿಧರ್ ಏರ್ಪಾಡು ಮಾಡಿದ್ದ. ಏನೂ ಸಿಗದಿದ್ದರೂ ಗಂಟೆ ಬಾರಿಸಿ, "ಅಭಿನಂದನೆಗಳು, ನಿಮ್ಮ ಅರ್ಜಿ ಇನ್ನೂ ತಿರಸ್ಕೃತವಾಗಿಲ್ಲ" ಎಂದು ಇಂಪಾದ ಹೆಣ್ಣುದನಿ ಹೇಳುತ್ತಿತ್ತು. ಗೋಡೆಯ ಗಡಿಯಾರ ತೆಗೆಸಿ, ಕಿಟಕಿಗೆ ಪರದೆ ಹಾಕಿಸಿ, ಮರದ ಬೆಂಚಿನ ಜಾಗಕ್ಕೆ ಮೆತ್ತನೆ ಕುರ್ಚಿ ತರಿಸಲಾಯಿತು.

ದೇವರಮನೆ ಬೆಟ್ಟದ ದಾರಿಯ ಸಣ್ಣ ಬೆಳೆಗಾರ್ತಿ ಸರ್ವಮಂಗಳಮ್ಮ ಬಂದಿದ್ದು ಸಿಟ್ಟಿನಲ್ಲೇ. ಅವರ ಅಡಿಗೆಮನೆಯ ಮೇಲೆ ದೊಡ್ಡದೊಂದು ನಂದಿ ಮರ ವಾಲಿತ್ತು. ಗಾಳಿ ಬೀಸಿದಾಗಲೆಲ್ಲ ಬುಡ ಕಿರ್ರೆನ್ನುತ್ತಿತ್ತು.

"ಮಳೆ ಹಿಡಿಯೋಕೆ ಮುಂಚೆ ಕಡೀಬೇಕು ಸರ್. ಬಿದ್ರೆ ಯಾರು ಹೊಣೆ?"

"ಎಲ್ಲಾ ನಿಮ್ಮ ಕೈಲೇ ಇದೆಯಮ್ಮ" ಎಂದು ಸೋಮಶೇಖರಪ್ಪನವರು ಹಿಡಿಕೆ ತೋರಿಸಿದರು.

ಎಳೆದರು. ಸಾಹೇಬರು ಬಂದರು, ಫೈಲು ಬಂತು, ಸರ್ವರ್ ಜಾರಿತು. ಹಿಂದಿದ್ದವರೆಲ್ಲ ಒಟ್ಟಿಗೆ "ಛೇ!" ಅಂದರು. ಸರ್ವಮಂಗಳಮ್ಮನ ಕಣ್ಣು ತುಂಬಿತು. ಅವರ ಕಷ್ಟಕ್ಕೆ ಆ ಕಚೇರಿಯಲ್ಲಿ ಹಿಂದೆಂದೂ ಯಾರೂ ಛೇ ಅಂದಿರಲಿಲ್ಲ.

ಆಮೇಲೆ ದಿನಾ ಬೆಳಗಿನ ಬಸ್ಸಿಗೇ ಹೊರಡತೊಡಗಿದರು.

"ಇವತ್ತಾದ್ರೂ ಆಯ್ತಾ?" ಎಂದು ಗಂಡ ಮಲ್ಲೇಶ್ ಕೇಳುವರು.

"ಆಗೇಬಿಟ್ಟಿತ್ತು ಕಣ್ರೀ. ಇಷ್ಟೇ ಇಷ್ಟು."

"ಮರ ಇನ್ನೊಂದು ಗೇಣು ವಾಲಿದೆ ಮಾರಾಯ್ತಿ!"

"ಅದೂ ಹಾಗೇ. ಇನ್ನೇನು ಬಿತ್ತು ಅನ್ನಿಸುತ್ತೆ. ಬೀಳಲ್ಲ."

ಹೆಂಡತಿಯನ್ನು ಎಳೆದು ತರುತ್ತೇನೆಂದು ಮಲ್ಲೇಶ್ ಒಂದು ದಿನ ಹಿಂದೆಯೇ ಹೋದರು. ಬಂದ ಮೇಲೆ ಒಂದು ಸಲ ನೋಡೋಣವೆಂದು ಹಿಡಿಕೆ ಎಳೆದರು. ಗಂಡ ಹೆಂಡತಿ ಇಬ್ಬರಿಗೂ ಅಕ್ಕಪಕ್ಕದ ಕುರ್ಚಿ ಕಾಯಂ ಆಯಿತು.

ಮಳೆ ಜೋರಾದ ಒಂದು ಮಧ್ಯಾಹ್ನ ಪಕ್ಕದ ಮನೆಯ ದ್ಯಾವಮ್ಮ ಒದ್ದೆಮುದ್ದೆಯಾಗಿ ಕಚೇರಿಗೇ ಓಡಿಬಂದಳು.

"ಅಕ್ಕಾ, ಮರ ಬಿತ್ತು! ಅಡಿಗೆಮನೆ ಚಪ್ಪಟೆಯಾಗಿ ಹೋಯ್ತು!"

"ತಡಿಯೇ, ಎರಡು ಬಂದಿದೆ" ಅಂದರು ಸರ್ವಮಂಗಳಮ್ಮ, ಗಾಜಿನಿಂದ ಕಣ್ಣು ಕೀಳದೆ.

ಮರುದಿನವೇ ಸುತ್ತೋಲೆ ಹೊರಟಿತು: "ಮರ ಬೀಳುವಾಗ ಅರ್ಜಿದಾರ ದಂಪತಿ ಯಂತ್ರದ ಮುಂದೆ ಇದ್ದುದರಿಂದ ಎರಡು ಜೀವಗಳು ಉಳಿದಿವೆ. ಆದಕಾರಣ ವಾಲಿದ ಮರಗಳ ಮಾಲೀಕರೆಲ್ಲರೂ ಮಳೆಗಾಲ ಮುಗಿಯುವವರೆಗೆ ಕಚೇರಿಯಲ್ಲೇ ಇರತಕ್ಕದ್ದು." ಕಳಸದ ಕಡೆಯಿಂದಲೂ ಜನ ಬಂದು ಸೇರಿದರು.

ಆ ಜನಸಂದಣಿಯ ನಡುವೆಯೇ ಒಂದು ದಿನ ಸರ್ವಮಂಗಳಮ್ಮ ಹಿಡಿಕೆ ಎಳೆದಾಗ ಮೂರೂ ಗೆರೆಗೆ ಬಂದು ನಿಂತವು. ಯಂತ್ರ ವಾಲಗ ಊದಿತು. ಮಲ್ಲೇಶ್ ಹೆಂಡತಿಯ ಬೆನ್ನು ಸವರಿದರು, ಸಾವಿನ ಮನೆಯಲ್ಲಿ ಸವರುವಂತೆ.

"ತಗೊಳ್ಳಿ ಅನುಮತಿ. ಹೋಗಿ ಮರ ಕಡೀರಿ" ಅಂದರು ಸೋಮಶೇಖರಪ್ಪನವರು.

"ಮರ ಬಿದ್ದಾಯ್ತಲ್ಲ ಸರ್."

"ಅನುಮತಿ ಇರೋದು ನಿಂತ ಮರಕ್ಕೆ. ನಿಲ್ಲಿಸಿ ಕಡೀಬೇಕು."

ಸರ್ವಮಂಗಳಮ್ಮ ಮೆಲ್ಲಗೆ ಕೇಳಿದರು. "ನಿಲ್ಲಿಸೋಕೆ... ಬೇರೆ ಅನುಮತಿ ಬೇಕಾಗುತ್ತಾ ಸರ್?"

"ಬೇಕೇಬೇಕು."

ಅವರ ಮುಖ ಅರಳಿತು. ಸೆರಗು ಸರಿಮಾಡಿಕೊಂಡು ಮತ್ತೆ ಕುರ್ಚಿಯಲ್ಲಿ ಕೂತರು. ಹೊಸ ಅರ್ಜಿ ಸಿಕ್ಕಿದವರಿಗೆ ಆ ಕಚೇರಿಯಲ್ಲಿ ಸಲ್ಲುವ ಮರ್ಯಾದೆಯಂತೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಲ್ಲೇಶ್ ಎರಡು ಊಟ ಹೇಳಿಬರಲು ಕ್ಯಾಂಟೀನಿನ ಕಡೆ ಹೊರಟರು.