ಕೆಳಮನೆಯ ಸೌಟು

ಪ್ರೊಡಾನನ ಗ್ರಹಚಾರ ಶುರುವಾಗಿದ್ದು ಒಂದು ಸೌಟಿನಿಂದ. ರೂಸೆ ಊರಿನ ಆ ಎಂಟಂತಸ್ತಿನ ಕಟ್ಟಡದಲ್ಲಿ ಮನೆ ಬೆಚ್ಚಗಿಡುವ ಬಿಸಿನೀರಿನ ಪೈಪು ಕೆಳಗಿನಿಂದ ಮೇಲಿನವರೆಗೆ ಒಂದೇ. ಅದಕ್ಕೆ ಯಾರಾದರೂ ಬಡಿದರೆ ಅದರ ಅರ್ಥವೂ ಒಂದೇ: ಸದ್ದು ನಿಲ್ಲಿಸು. ತೊಟ್ಟಿಲ ಕೂಸಿಗೂ ಅಲ್ಲಿ ಇದು ಗೊತ್ತು.

ಶಿಶುವಿಹಾರದ ಮಕ್ಕಳ ಕುಣಿತಕ್ಕೆ ಪಿಯಾನೊ ನುಡಿಸುತ್ತಲೇ ಪ್ರೊಡಾನನಿಗೆ ನಲವತ್ತಾರು ದಾಟಿತ್ತು. ಉನ್ನತ ದರ್ಜೆಯ ಪರೀಕ್ಷೆ ಪಾಸಾದರೆ ಸಂಗೀತ ಶಾಲೆಯಲ್ಲಿ ಮೇಷ್ಟ್ರ ಕೆಲಸ. ಪರೀಕ್ಷೆ ಇವತ್ತೇ ನಾಲ್ಕಕ್ಕೆ. ಎರಡು ಕೃತಿ ಪರೀಕ್ಷಕರು ಹೇಳಿದ್ದು, ಮೂರನೆಯದು ನುಡಿಸುವವರ ಇಷ್ಟದ್ದು. ಅದಕ್ಕೆಂದು ಎಂಟು ತಿಂಗಳಿಂದ ಬಿರುಗಾಳಿಯಂಥ ಒಂದು ಕೃತಿಯ ಹಿಂದೆ ಬಿದ್ದಿದ್ದ. ಮೂರನೆಯ ಪುಟಕ್ಕೆ ಬಂದನೋ ಇಲ್ಲವೋ, ಕೆಳಮನೆಯ ಮಿನ್ಕಾ ಅಜ್ಜಿ ಸೌಟು ತಗೊಂಡು ಪೈಪಿಗೆ ಟಣ್ ಟಣ್ ಟಣ್. ಪಾಪ, ಅವಳ ಬಾಗಿಲ ಮುಂದೆ ಅವನು ತುದಿಗಾಲಲ್ಲೇ ಓಡಾಡುತ್ತಿದ್ದ.

ಬೆಳಿಗ್ಗೆ ಕೊನೆಯ ಸಲ ಅಭ್ಯಾಸಕ್ಕೆ ಕೂತರೆ ಸೌಟು ಎಂದಿಗಿಂತ ಜೋರು. ಕಟ್ಟಡದ ಉಸ್ತುವಾರಿ ಜಾಪ್ರಿಯಾನ್ ಬಂದು ಬಾಗಿಲಲ್ಲಿ ನಿಂತ. ಕೇಳದೆ ಬುದ್ಧಿ ಹೇಳುವುದರಲ್ಲಿ ಅವನದು ಎತ್ತಿದ ಕೈ.

"ಆ ಮುದುಕಿಗೆ ಮಂಡಿನೋವು, ಮೆಟ್ಲು ಹತ್ತೋಕಾಗಲ್ಲ. ಇಲ್ದಿದ್ರೆ ಬಂದು ನಿನ್ನ ಬೆನ್ನಿಗೇ ಬಾರಿಸ್ತಿತ್ತು. ಮೂರನೇ ಪುಟ ಬಂದ್ರೆ ನೀನು ನಿಂತ್ಬಿಡ್ತೀಯ ಕಣೋ. ಪರೀಕ್ಷೇಲೂ ನಿಂತ್ಹೋದ್ರೆ ಕೆಲಸಕ್ಕೆ ಎಳ್ಳುನೀರು. ಸುಮ್ನೆ ರಾತ್ರಿ ಹೊತ್ತು ನುಡಿಸ್ತೀಯಲ್ಲ, ಆ ಜೋಗುಳ ನುಡಿಸು. ಅದಕ್ಕೆ ಒಂದಿನಾನೂ ಪೈಪ್ ಸದ್ದಾಗಿಲ್ಲ."

ಮಾತು ನಾಟಿತು. ಜೋಗುಳಕ್ಕೂ ಪರೀಕ್ಷೆಯಲ್ಲಿ ಅವಕಾಶವಿತ್ತು. ಕೆಳಗೆ ಬೆಂಚಿನ ಮೇಲೆ ಸೂರ್ಯಕಾಂತಿ ಬೀಜ ಒಡೆಯುತ್ತಿದ್ದ ಹೆಂಗಸರೂ ಅದೇ ಸೈ ಅಂದರು. ನಾಲ್ಕಕ್ಕೆ ಹೋಗಿ ಪರೀಕ್ಷಕರ ಪುಸ್ತಕದಲ್ಲಿ ಪ್ರೊಡಾನ್ ಜೋಗುಳದ ಹೆಸರನ್ನೇ ಬರೆದ.

ಮೊದಲೆರಡು ಹೇಗೋ ದಾಟಿದವು. ಜೋಗುಳ ಮುಗಿದಾಗ ಅವನ ಕಣ್ಣೇ ತುಂಬಿ ಬಂದಿತ್ತು. ಪರೀಕ್ಷಕಿ ಕನ್ನಡಕ ತೆಗೆದಿಟ್ಟರು.

"ಕೈ ಮೃದುವಾಗಿದೆ. ಆದ್ರೆ ಲಯವೇ ಇಲ್ಲ. ಒಂದ್ಕಡೆ ಓಡ್ತೀರಿ, ಒಂದ್ಕಡೆ ಮಲಗ್ತೀರಿ. ಮನೇಲಿ ಯಾರ ಹತ್ರನಾದ್ರೂ ತಾಳ ಹಾಕಿಸ್ಕೊಂಡು ಅಭ್ಯಾಸ ಮಾಡಿ, ಮುಂದಿನ ವರ್ಷ ಬನ್ನಿ."

ಜೋಲು ಮುಖ ಹೊತ್ತು ಮನೆಗೆ ಬಂದರೆ ಮಿನ್ಕಾ ಅಜ್ಜಿ ಬಾಗಿಲಲ್ಲೇ ಸ್ಟೂಲು ಹಾಕಿ ಕೂತಿದ್ದಳು, ತೊಡೆಯ ಮೇಲಿನ ತಟ್ಟೆಯಲ್ಲಿ ಚೀಸು ತುಂಬಿ ಸುಟ್ಟ ಬಿಸಿಬಿಸಿ ಬನಿತ್ಸಾ. ಬಿರುಗಾಳಿ ಹೇಗಾಯಿತೆಂದು ಕೇಳಿದಳು. ನುಡಿಸಲೇ ಇಲ್ಲ, ಎಲ್ಲ ನಿಮ್ಮ ಸೌಟಿನ ಕಾಟಕ್ಕೆ ಅಂದ.

"ಕಾಟಾನಾ? ಕಾರ್ಖಾನೆಯ ಹಾಡುಮೇಳಕ್ಕೆ ಮೂವತ್ತು ವರ್ಷ ತಾಳ ಹಾಕಿದ ಕೈ ಕಣೋ ಇದು. ಮೂರನೇ ಪುಟದಲ್ಲಿ ನೀನು ಓಡ್ತಿದ್ದೆ, ನಾನು ಹಿಡಿದು ನಿಲ್ಲಿಸ್ತಿದ್ದೆ. ಈ ತಿಂಗಳು ಎಷ್ಟು ಚೆನ್ನಾಗಿ ಕೂತಿತ್ತು."

"ಮತ್ತೆ ಜೋಗುಳಕ್ಕೆ ಯಾಕೆ ಬಡೀಲಿಲ್ಲ ಅಜ್ಜಿ?"

"ಎರಡನೇ ಸಾಲಿಗೇ ನಿದ್ದೆ ಬಂದ್ಬಿಡ್ತಿತ್ತಲ್ಲಪ್ಪಾ."

ಪ್ರೊಡಾನ್ ನಕ್ಕೇಬಿಟ್ಟ. ಬನಿತ್ಸಾ ತಿಂದು ಮೇಲೆ ಹೋದವನೇ ಬಿರುಗಾಳಿ ಶುರುಮಾಡಿದ. ಮೂರನೆಯ ಪುಟಕ್ಕೆ ಪೈಪು ಟಣ್ ಟಣ್ ಅಂದಿತು. ಅಜ್ಜಿಯ ತಾಳ ಅಂತ ಹಿಗ್ಗಿ, ಅದಕ್ಕೆ ಸರಿಯಾಗಿ, ಇನ್ನೂ ಜೋರಾಗಿ ನುಡಿಸಿದ. ಪೆಟ್ಟು ಏರಿತು, ಇವನೂ ಏರಿಸಿದ. ಜನ್ಮದಲ್ಲಿ ಅಷ್ಟು ಚೆನ್ನಾಗಿ ನುಡಿಸಿರಲಿಲ್ಲ.

ಯಾರೋ ಬಾಗಿಲು ಗುದ್ದಿದರು. ತೆರೆದರೆ ಜಾಪ್ರಿಯಾನ್, ಕೈಯಲ್ಲಿ ಸುತ್ತಿಗೆ.

"ಹತ್ತು ನಿಮಿಷದಿಂದ ಪೈಪಿಗೆ ಬಡೀತಿದೀನಿ, ಅಷ್ಟೂ ಅರ್ಥ ಆಗಲ್ವೇನೋ? ನಾಳೆಯಿಂದ ಈ ಕಟ್ಟಡದಲ್ಲಿ ಪಿಯಾನೊ ಬಂದ್."