ಕೆಂಪು ಬಿಲ್ಲೆಗೆ ಕಪ್ಪು ಬಟ್ಟೆ

ಟ್ರಾಯಾನ್ ಬುಜೋರ್ ಮೇಷ್ಟ್ರು ಹಾಳಾದದ್ದು ನಾಲ್ಕು ತಿರುಪುಗಳಿಂದ.

ಬುಖಾರೆಸ್ಟ್ ನಗರದಲ್ಲಿ ಗಟ್ಟಿಯಾಗಿ ಕೂತ ತಿರುಪು ಒಂದೂ ಇಲ್ಲ. ಟ್ರಾಮಿನ ಸೀಟು ಹಾಲುಹಲ್ಲಿನಂತೆ ಅಲ್ಲಾಡುತ್ತದೆ, ಕಚೇರಿಯ ಬಾಗಿಲು ತೆರೆದರೆ ಹಿಡಿಕೆ ಕೈಗೇ ಬರುತ್ತದೆ. ಆದರೆ ಹದಿನೇಳನೇ ನಂಬರಿನ ಆರಂತಸ್ತಿನ ಕಟ್ಟಡದ ಬಾಗಿಲ ಪಕ್ಕದಲ್ಲಿ ಕೆಂಪು ಬಿಲ್ಲೆ ಬಡಿದುಹೋದ ಪುಣ್ಯಾತ್ಮರು ಮಾತ್ರ, ಕಟ್ಟಡ ಪುಡಿಯಾದರೂ ಬಿಲ್ಲೆ ಗಾಳಿಯಲ್ಲೇ ನಿಂತಿರಬೇಕು ಅನ್ನುವ ಹಟದಲ್ಲಿ ತಿರುಪು ಬಿಗಿದಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಶುರುಮಾಡಿದ ಮೇಷ್ಟ್ರು ಹತ್ತರ ಹೊತ್ತಿಗೆ ಎರಡು ತಿರುಪುಳಿ ಮುರಿದು, ಹೆಬ್ಬೆರಳು ಜಜ್ಜಿಕೊಂಡು, ಮೂರು ಸರ್ಕಾರಗಳಿಗೆ ಶಾಪ ಹಾಕಿ ಮುಗಿಸಿದ್ದರು. ತಿರುಪು ಕೂದಲೆಳೆಯಷ್ಟೂ ತಿರುಗಿರಲಿಲ್ಲ.

ಊಟದ ತಟ್ಟೆಯಷ್ಟಗಲದ ಆ ಬಿಲ್ಲೆಯ ಅರ್ಥ ಊರಿನ ನಾಯಿಗಳಿಗೂ ಗೊತ್ತು. ದೊಡ್ಡ ಭೂಕಂಪ ಬಂದರೆ ಮೊದಲು ನೆಲಕ್ಕೆ ಮಲಗುವ ಕಟ್ಟಡ ಇದು ಎಂದು ಪರೀಕ್ಷಿಸಿದವರು ಬರೆದುಕೊಟ್ಟ ಜಾತಕ ಅದು. ಮೂವತ್ನಾಲ್ಕು ವರ್ಷ ಮಕ್ಕಳಿಗೆ ಭೂಕಂಪದ ಪಾಠ ಹೇಳಿದ ಭೂಗೋಳದ ಮೇಷ್ಟ್ರು, ಆ ಜಾತಕದ ಕೆಳಗೇ ಮೂರನೇ ಮಹಡಿಯಲ್ಲಿ ಮಲಗುತ್ತಿದ್ದರು. ಬೀದಿಯಲ್ಲಿ ಟ್ರಾಮು ಹೋದರೆ ಅವರ ದೀಪದ ಗೊಂಚಲು ಅರ್ಧ ಗಂಟೆ ತೂಗುತ್ತಿತ್ತು.

ಅವರು ಸುಮ್ಮನಿರಲಿಲ್ಲ ಅನ್ನಿ. ಕಟ್ಟಡವನ್ನು ಬಲಪಡಿಸಬೇಕಾದರೆ ಇಪ್ಪತ್ತೆಂಟು ಮನೆಯವರೂ ಸಹಿ ಹಾಕಬೇಕು. ಸಹಿಗಾಗಿ ಹದಿನೈದು ವರ್ಷದಿಂದ ಸಭೆ ಕರೆದರು. ಒಮ್ಮೆ ಐದು ಜನ ಬಂದರು, ಒಮ್ಮೆ ಮೂರು ಜನ ಮತ್ತೊಂದು ಬೆಕ್ಕು. ಮನೆಮಾಲೀಕರ ಸಂಘದ ಅಧ್ಯಕ್ಷ ಸ್ಪಿರಿದೋನ್, ಎಪ್ಪತ್ತೇಳನೇ ಇಸವಿಯ ದೊಡ್ಡ ಭೂಕಂಪಕ್ಕೇ ಬೀಳದ ಕಟ್ಟಡ ಇನ್ನು ಯಾವುದಕ್ಕೆ ಬೀಳುತ್ತದೆ ಎಂದು, ಕೈ ಹೋಗುವಷ್ಟು ಅಗಲದ ಬಿರುಕಿಗೆ ಒರಗಿಕೊಂಡೇ ವಾದಿಸಿದ. ಮೊದಲನೇ ಮಹಡಿಯ ಅಗ್ಲಾಯಾ ಆಂಟಿಯದು ಇನ್ನೂ ಒಂದು ಕೈ ಮೇಲು. ಎಂಬತ್ತರ ಹತ್ತಿರದ ಆ ವಿಧವೆ ಹಿಂದೆ ಟೆಲಿಫೋನ್ ಆಪರೇಟರಾಗಿದ್ದು ಊರಿನ ಗುಟ್ಟನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡವರು. "ರಿಪೇರಿಗೆ ಅಂತ ಎರಡು ವರ್ಷ ಮನೆ ಬಿಡಬೇಕಂತೆ. ನಾನು ಈ ಮನೆ ಬಿಡೋದು ನಾಲ್ಕು ಜನ ಹೊತ್ಕೊಂಡಾಗ್ಲೇ ಮೇಷ್ಟ್ರೇ," ಅಂದಿದ್ದರು.

ಕೊನೆಗೆ ಮೇಷ್ಟ್ರು, ನೀವೆಲ್ಲ ಇಲ್ಲೇ ಸಾಯಿರಿ ಎಂದು ಮನಸ್ಸಿನಲ್ಲೇ ಹರಸಿ, ಮನೆ ಮಾರಲು ನಿಶ್ಚಯಿಸಿದರು. ಒಂದು ಗಂಟೆ ದೂರದ ಹಳ್ಳಿಯಲ್ಲಿ ಒಂದೇ ಅಂತಸ್ತಿನ ಮರದ ಮನೆ ನೋಡಿಟ್ಟಿದ್ದರು. ಅಂಗಳದಲ್ಲಿ ಚೆರ್ರಿ ಮರ. ಬಿದ್ದರೂ ಚೆರ್ರಿ ಹಣ್ಣು ಬೀಳಬೇಕೇ ಹೊರತು ತಲೆಯ ಮೇಲೆ ಬೀಳುವಂಥದ್ದು ಅಲ್ಲಿ ಬೇರೇನಿರಲಿಲ್ಲ. ಅದರ ಮಾಲೀಕ ಕೊಟ್ಟ ಗಡುವು ಇವತ್ತು ಸಂಜೆ ಆರು ಗಂಟೆ. ಮೇಷ್ಟ್ರ ಮನೆ ನೋಡಲು ರುಕ್ಸಾಂದ್ರಾ ಎಂಬ ಹೆಣ್ಣುಮಗಳು ಬರುವುದು ಐದಕ್ಕೆ. ಬಿಲ್ಲೆಯ ವಿಷಯ ಮುಚ್ಚಿಡುವ ಆಸೆ ಮೇಷ್ಟ್ರಿಗಿರಲಿಲ್ಲ. ಅವಳು ಎತ್ತರದ ಚಾವಣಿ, ಬಾಲ್ಕನಿ ನೋಡಿ ಮನಸೋಲಲಿ, ಆಮೇಲೆ ನೋಟರಿಯ ಮುಂದೆ ಕೆಮ್ಮಿಕೊಂಡು ಹೇಳಿದರಾಯಿತು ಅಂದುಕೊಂಡಿದ್ದರು, ಅಷ್ಟೆ.

ತಿರುಪು ಕೈಕೊಟ್ಟ ಮೇಲೆ ಅವರಿಗೆ ನೆನಪಾದದ್ದು ಬೀರುವಿನಲ್ಲಿದ್ದ ಕಪ್ಪು ಬಟ್ಟೆ. ತಾಯಿ ತೀರಿಕೊಂಡಾಗ ಬಾಗಿಲಿಗೆ ಕಟ್ಟಿದ್ದು. ಸಾವಿನ ಮನೆಯ ಬಟ್ಟೆಯನ್ನು ಈ ಊರಿನಲ್ಲಿ ಯಾರೂ ಎತ್ತಿ ನೋಡುವುದಿಲ್ಲ. ಮೇಷ್ಟ್ರು ಅದನ್ನು ಬಾಗಿಲ ಪಕ್ಕದಲ್ಲಿ ಇಳಿಬಿಟ್ಟು, ಬಿಲ್ಲೆ ಪೂರ್ತಿ ಮುಚ್ಚಿದ್ದು ಕಂಡು, ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ಸಿಳ್ಳೆ ಹಾಕಿದರು.

ಸಿಳ್ಳೆ ಮುಗಿಯುವ ಮೊದಲೇ ಅಗ್ಲಾಯಾ ಆಂಟಿಯ ಕಿಟಕಿ ತೆರೆಯಿತು.

"ಯಾರು ಮೇಷ್ಟ್ರೇ?"

"ದೂರದವರು ಆಂಟಿ."

"ದೂರದವರಿಗೆ ಹತ್ತಿರದ ಬಾಗಿಲಿಗೆ ಯಾಕೆ ಬಟ್ಟೆ ಕಟ್ತೀರಿ? ನನ್ನ ಹತ್ರಾನೂ ಮುಚ್ಚಿಡೋದಾ?" ಆಂಟಿ ಕತ್ತು ಹೊರಳಿಸಿ ನಾಲ್ಕನೇ ಮಹಡಿ ನೋಡಿದರು. "ಕರ್ನಲ್ ಸಾಹೇಬ್ರ ಪೇಪರ್ ಮೂರು ದಿನದಿಂದ ಬಾಗಿಲಲ್ಲೇ ಬಿದ್ದಿದೆ. ಅವರೇನಾ?"

ಮೇಷ್ಟ್ರು ಅಲ್ಲ ಅನ್ನಬೇಕಿತ್ತು. ಅಲ್ಲ ಅಂದರೆ ಯಾರು ಅಂತ ಹೇಳಬೇಕು. ಯಾರೂ ಇಲ್ಲ ಅಂದರೆ ಬಟ್ಟೆ ಇಳಿಸಬೇಕು. ಅವರು ತಲೆ ತಗ್ಗಿಸಿದರು. ಆಂಟಿ ಎದೆಯ ಮೇಲೆ ಶಿಲುಬೆ ಗೀರಿಕೊಂಡು ಕಿಟಕಿ ಮುಚ್ಚಿದರು, ನೇರ ಟೆಲಿಫೋನಿಗೆ.

ಮುಂದಿನದಕ್ಕೆ ಭೂಕಂಪದ ವೇಗವೂ ಸಾಲದು. ಹನ್ನೊಂದಕ್ಕೆ ಸ್ಪಿರಿದೋನ್ ಸಂಘದ ದಪ್ಪ ಪುಸ್ತಕ ತೆಗೆದು, ಲೆಫ್ಟಿನೆಂಟ್ ಕರ್ನಲ್ ಹರಲಾಂಬಿಯೆ ಎಂಬ ಹೆಸರಿನ ಮೇಲೆ ಗೀಟೆಳೆದು, 'ಮೃತ' ಎಂದು ಬರೆದು ಮೊಹರು ಒತ್ತಿದ. ಅದರ ನಕಲನ್ನು ನಗರಸಭೆಯ ಕಚೇರಿಗೂ ಮುಟ್ಟಿಸಿಬಂದ. ಒಂದು ಬಲ್ಬು ಬದಲಾಯಿಸಲು ಎಂಟು ತಿಂಗಳು ತೆಗೆದುಕೊಳ್ಳುವ ಆಸಾಮಿ ಇದನ್ನೆಲ್ಲ ಮಾಡಿದ್ದು ಇಪ್ಪತ್ತೇ ನಿಮಿಷದಲ್ಲಿ. ಮಧ್ಯಾಹ್ನಕ್ಕೆ ಮೇಣದಬತ್ತಿಗಳು ಬಂದವು. ಆಮೇಲೆ ಗೋಧಿ ಬೇಯಿಸಿ ಸಕ್ಕರೆ, ಅಕ್ರೋಟು ಕಲೆಸಿ ಸತ್ತವರ ಹೆಸರಿನಲ್ಲಿ ಹಂಚುವ ಕೊಲಿವ ಬಂತು, ಬಂಡಿಚಕ್ರದಷ್ಟಗಲದ ತಟ್ಟೆಯಲ್ಲಿ. ರುಕ್ಸಾಂದ್ರಾಳಿಗಾಗಿ ಮೇಷ್ಟ್ರು ಮೇಜಿನ ಮೇಲಿಟ್ಟಿದ್ದ ಏಳು ಟ್ಯೂಲಿಪ್ ಹೂಗಳನ್ನು ಆಂಟಿ ಬಂದು ಎಣಿಸಿ, ಸಾವಿಗೆ ಬೆಸ ಸಂಖ್ಯೆ ಹಿಡಿಯುವುದುಂಟೇ ಎಂದು ಗದರಿಸಿ, ಒಂದನ್ನು ತೆಗೆದೆಸೆದು ಆರನ್ನು ಕೆಳಕ್ಕೆ ಒಯ್ದರು.

ನಾಲ್ಕರ ಹೊತ್ತಿಗೆ ಕರ್ನಲ್ ಸಾಹೇಬರದು ಬಿಟ್ಟು ಮಿಕ್ಕ ಇಪ್ಪತ್ತೇಳು ಮನೆಯವರೂ ಮೆಟ್ಟಿಲ ಮೇಲಿದ್ದರು. ಬೇರೆ ಊರಿಗೆ ಮದುವೆಯಾಗಿ ಹೋಗಿದ್ದವರು ಕೂಡ ಬಂದಿದ್ದರು. ಮೇಷ್ಟ್ರ ಕಣ್ಣು ಉರಿಯಿತು. ಬದುಕಿಕೊಳ್ಳೋಣ ಬನ್ನಿ ಎಂದು ಹದಿನೈದು ವರ್ಷ ಅಂಗಲಾಚಿದಾಗ ಬೆಕ್ಕು ಬಂದಿತ್ತು. ಒಬ್ಬ ಸತ್ತ ಅಂದದ್ದೇ ತಡ, ಹನ್ನೆರಡು ಜನರನ್ನೂ ತಾಳದ ಮೆಟ್ಟಿಲ ಮೇಲೆ ನೂರು ಜನ ಮೇಣದಬತ್ತಿ ಹಿಡಿದು ನಿಂತಿದ್ದಾರೆ. ಅತ್ತದ್ದು ಹತ್ತು ನಿಮಿಷ. ಆಮೇಲೆ ಕರ್ನಲ್ ಸಾಹೇಬರ ನೆಲಮಾಳಿಗೆ ಕೋಣೆ ಯಾರಿಗೆ ಅನ್ನುವ ಜಗಳ ಶುರುವಾಯಿತು.

ಆ ಜಗಳದ ನಡುವೆ, ಕೈಯಲ್ಲಿ ಗಾಳ ಹಿಡಿದು, ಹೆಗಲಲ್ಲಿ ಮೀನಿನ ಚೀಲ ಹೊತ್ತು, ಡ್ಯಾನ್ಯೂಬ್ ನದಿಯ ದಡದಿಂದ ಸ್ವತಃ ಕರ್ನಲ್ ಹರಲಾಂಬಿಯೆ ಒಳಗೆ ಬಂದರು. ಕಿವಿ ಮಂದ; ಯಾರ ಚೀರಾಟವೂ ಅವರಿಗೆ ಕೇಳಲಿಲ್ಲ. ಗೋಡೆಗೆ ಅಂಟಿಸಿದ್ದ ತಮ್ಮ ಸಾವಿನ ಪ್ರಕಟಣೆಯನ್ನು ಕನ್ನಡಕ ಹಾಕಿಕೊಂಡು ಎರಡು ಬಾರಿ ಓದಿದರು.

"ಲೆಫ್ಟಿನೆಂಟ್ ಕರ್ನಲ್ ಅಂತ ಬರೆದವನು ಯಾವನು?" ಅಂದರು. "ನಾನು ರಿಟೈರಾಗಿದ್ದು ಪೂರ್ತಿ ಕರ್ನಲ್ ಆಗಿ."

ಜನರೆಲ್ಲ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಮುದುಕರ ತೋಳು ಹಿಡಿದು ನಾಲ್ಕನೇ ಮಹಡಿಗೆ ಹತ್ತಿಸಿ, ಅಂಗಲಾಚಿ, ಅವರದೇ ಬಾಟಲಿಯಿಂದ ಪ್ಲಮ್ ಬ್ರಾಂದಿ ಕುಡಿಸಿ, ನಡೆದದ್ದನ್ನೆಲ್ಲ ಅವರ ಕಿವಿಯಲ್ಲಿ ಕೂಗಿ ಹೇಳುವಷ್ಟರಲ್ಲಿ ಗಂಟೆ ಐದೂ ಮುಕ್ಕಾಲಾಗಿತ್ತು. ಎದ್ದೆನೋ ಬಿದ್ದೆನೋ ಎಂದು ಕೆಳಗೋಡಿ ಬಂದರೆ, ಬಾಗಿಲ ಪಕ್ಕದ ಕಪ್ಪು ಬಟ್ಟೆ ಇರಲಿಲ್ಲ. ಕೆಂಪು ಬಿಲ್ಲೆ ಸಂಜೆಯ ಸೂರ್ಯನ ಹಾಗೆ ಹೊಳೆಯುತ್ತಿತ್ತು. ಅದರ ಕೆಳಗೆ ಅಗ್ಲಾಯಾ ಆಂಟಿ, ಪಕ್ಕದಲ್ಲಿ ಕೈಯಲ್ಲಿ ಪುಟ್ಟ ಸುತ್ತಿಗೆ ಹಿಡಿದ ಹೆಣ್ಣುಮಗಳು.

ರುಕ್ಸಾಂದ್ರಾ ನಾಲ್ಕೂವರೆಗೇ ಬಂದಿದ್ದಳು. ಅವಳ ಕೆಲಸವೇ ಊರಿನ ಕಟ್ಟಡಗಳನ್ನು ತಟ್ಟಿ, ಕೊರೆದು, ಯಾವುದು ಎಷ್ಟು ಗಟ್ಟಿ ಎಂದು ಪಟ್ಟಿ ಮಾಡುವುದು.

"ಬಿಲ್ಲೆ ಇರೋ ಮನೇನೇ ಬೇಕು ಅಂತ ಹುಡುಕ್ತಿದ್ದೆ ಸರ್," ಅಂದಳು. "ಬಿಲ್ಲೆ ಇದೆ ಅಂದ್ರೆ ಯಾರೋ ಒಬ್ರು ನೋಡಿದಾರೆ, ಎಲ್ಲಿ ಬಿರುಕಿದೆ ಅಂತ ಗೊತ್ತಿದೆ, ರಿಪೇರಿ ಸಾಲಿನಲ್ಲಿ ಹೆಸರಿದೆ ಅಂತ. ಬಿಲ್ಲೆ ಇಲ್ಲದ ಮನೆಗಳು ಗಟ್ಟಿ ಅಂತಲ್ಲ ಸರ್, ಅವನ್ನ ಇನ್ನೂ ಯಾರೂ ನೋಡಿಲ್ಲ ಅಷ್ಟೆ. ಇಲ್ಲಿ ಬಿಲ್ಲೆ ಕಾಣಲಿಲ್ಲ ಅಂತ ವಾಪಸ್ ಹೊರಟಿದ್ದೆ. ಇವರು ಬಟ್ಟೆ ಎತ್ತಿ ತೋರಿಸಿದ್ರು."

"ತೋರಿಸಿ..." ಮೇಷ್ಟ್ರು ಆಂಟಿಯ ಕಡೆ ತಿರುಗಿದರು.

"ಮಾರಿದೆ," ಅಂದರು ಆಂಟಿ. "ನನ್ನ ಮನೇನ. ಮುಚ್ಚಿಟ್ಟವರ ಹತ್ರ ತಗೊಳ್ಳಲ್ಲ ಅಂದ್ಳು ಹುಡುಗಿ. ನೋಡಿ ಮೇಷ್ಟ್ರೇ, ಕರ್ನಲ್‌ಗೆ ಇವರು ಅತ್ತಿದ್ದು ಹತ್ತು ನಿಮಿಷ. ನನಗೆ ಐದು ನಿಮಿಷಾನೂ ಅಳಲ್ಲ. ಇಂಥವರ ಮಧ್ಯೆ ನಾನ್ಯಾಕೆ ಸಾಯ್ಲಿ? ನೀವು ಆ ಚೆರ್ರಿ ಮರದ ಮನೆ ಬಗ್ಗೆ ದಿನಾ ಹೇಳ್ತಿದ್ರಲ್ಲ, ಅದರ ಮಾಲೀಕನಿಗೆ ಫೋನ್ ಮಾಡ್ದೆ. ನನಗೇ ಕೊಡೋಕೆ ಒಪ್ಕೊಂಡ."

ಮೇಷ್ಟ್ರು ಮೆಟ್ಟಿಲ ಮೇಲೆ ಕೂತರು. ಪಾಪ ಅನ್ನಿಸಿತೋ ಏನೋ, ರುಕ್ಸಾಂದ್ರಾ ಪಕ್ಕದಲ್ಲೇ ಕೂತು ಒಂದು ಕಾಗದ ಬಿಡಿಸಿದಳು. ಮೇಷ್ಟ್ರು ಮೇಲೆ ಕರ್ನಲ್ ಸಾಹೇಬರ ಮನೆಯಲ್ಲಿದ್ದಾಗ ಟ್ರಾಮು ಹೋಗಿ, ಅಂಗೈಯಗಲದ ಗಾರೆ ಉದುರಿ ಕೊಲಿವದ ತಟ್ಟೆಗೇ ಬಿದ್ದಿತ್ತಂತೆ. ಸುಳ್ಳು ಸಾವಿನಲ್ಲಿ ನಿಜವಾಗಿ ಸಾಯುವುದು ಯಾರಿಗೂ ಬೇಡವಾಗಿ, ಎಲ್ಲರೂ ಅಲ್ಲೇ ಸಾಲುಗಟ್ಟಿ, ರಿಪೇರಿಗೆ ಒಪ್ಪಿಗೆಯ ಸಹಿ ಹಾಕಿದ್ದರು. ಮೇಷ್ಟ್ರು ನಂಬದೆ ಎಣಿಸಿದರು. ಇಪ್ಪತ್ತಾರು. ತಮ್ಮದನ್ನೂ ಹಾಕಿದರು. ಇಪ್ಪತ್ತೇಳು. ಮಿಕ್ಕದ್ದು ಕರ್ನಲ್ ಸಾಹೇಬರದು. ಅವರು ಆಗಲೇ ಕೆಳಗಿಳಿದು, ತಮ್ಮದೇ ಕೊಲಿವಕ್ಕೆ ಚಮಚ ಹಾಕಿಯಾಗಿತ್ತು. ಕೊಡಿ ಪೆನ್ನು ಎಂದು ಕೈ ಚಾಚಿದರು.

ಸ್ಪಿರಿದೋನ್ ಕಾಗದ ಹಿಂದಕ್ಕೆಳೆದುಕೊಂಡ.

"ಆಗಲ್ಲ. ಪುಸ್ತಕದ ಪ್ರಕಾರ ಸಾಹೇಬ್ರು ಬೆಳಿಗ್ಗೆ ಹನ್ನೊಂದಕ್ಕೆ ತೀರ್ಕೊಂಡಿದಾರೆ. ಮೊಹರು ಬಿದ್ದಿದೆ, ಕಚೇರಿಗೆ ನಕಲು ಹೋಗಿದೆ. ಸತ್ತವರ ಸಹಿ ಹಾಕಿಸಿ ನಾನು ಜೈಲಿಗೆ ಹೋಗ್ಲಾ?"

"ಎದುರಿಗೇ ಕೂತು ತಿಂತಿದಾರಲ್ರೀ," ಅಂದರು ಮೇಷ್ಟ್ರು.

"ತಿನ್ಲಿ. ಬದುಕಿದಾರೆ ಅನ್ನೋ ಸರ್ಟಿಫಿಕೇಟ್ ಬೇಕು. ಅದಕ್ಕೆ ಅರ್ಜಿ ಹಾಕಬೇಕಾದವರು, ಸಾವಿನ ಬಟ್ಟೆ ಕಟ್ಟಿದವರು. ನೀವೇ ಮೇಷ್ಟ್ರೇ. ಎರಡು ವರ್ಷ ಹಿಡಿಯತ್ತೆ. ಅಷ್ಟರೊಳಗೆ ಸಾಹೇಬ್ರು ನಿಜವಾಗ್ಲೂ ಹೋದ್ರೆ ಅದು ಬೇರೆ ಅರ್ಜಿ."

ಹೊರಗೆ ಟ್ರಾಮು ಹಾದುಹೋಯಿತು. ಆರು ಅಂತಸ್ತೂ ಮುದುಕರ ಮಂಡಿಯಂತೆ ಕಟಕಟ ಅಂದವು. ನೂರು ಜನ ಚಾವಣಿ ನೋಡಿದರು. ಮೇಷ್ಟ್ರು ಮಾತ್ರ ನೋಡಲಿಲ್ಲ. ಕರ್ನಲ್ ಸಾಹೇಬರು ಕೊಲಿವದೊಳಗಿನ ಗಾರೆಯ ಚೂರನ್ನು ಆರಿಸಿ ಪಕ್ಕಕ್ಕಿಟ್ಟು, ಒಂದು ಚಮಚ ತುಂಬಿ ಅವರತ್ತ ಚಾಚಿದರು.

"ತಗೊಳ್ಳಿ ಮೇಷ್ಟ್ರೇ, ಇವತ್ತೇ ತಿಂದ್ಬಿಡಿ. ನಿಮ್ಮ ಸರದಿಗೆ ಇದನ್ನ ಮಾಡೋಕೆ ಈ ಕಟ್ಟಡದಲ್ಲಿ ಯಾರೂ ಉಳಿದಿರಲ್ಲ."